ರಾತ್ರಿ ಮಾತ್ರ ನಡುಗುತ್ತಿದ್ದ ಪೆಡಲ್

ಮಂಗಳೂರಿನ ಜುಲೈ ಮಳೆಗೆ ಹೊರಗೆ ಕಾಲಿಡುವ ಹಾಗಿರಲಿಲ್ಲ, ಸುಮ್ನೆ ಕೂರುವ ಬದಲು ಗಿಟಾರಿಗೊಂದು ಟ್ರೆಮೊಲೊ ಪೆಡಲ್ (ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ) ಮಾಡೋಣ ಅಂತ ಹೊರಟೆ. ಟ್ರೆಮೊಲೊ ಅಂದರೆ ಸದ್ದು ಒಂದೇ ಲಯದಲ್ಲಿ ಜಾಸ್ತಿ ಕಡಿಮೆ ಆಗುವುದು. ಶ್ರುತಿ ಅಲುಗಾಡಿದರೆ ಅದು ವೈಬ್ರಾಟೊ. (1954ರ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಶ್ರುತಿ ಬಗ್ಗಿಸುವ ಕಡ್ಡಿಗೇ ಟ್ರೆಮೊಲೊ ಅಂತ ಹೆಸರಿಟ್ಟರು, ಗೊಂದಲ ಇನ್ನೂ ಮುಗಿದಿಲ್ಲ.)

ಒಳಗಿನ ಕೆಲಸ ಸರಳ. ಟಿಎಲ್072 ಐಸಿಯಿಂದ ಮಾಡಿದ ಆಸಿಲೇಟರ್ (ಏರಿಳಿಯುವ ವೋಲ್ಟೇಜ್ ಕೊಡುವ ಸರ್ಕ್ಯೂಟ್) ಒಂದು ಎಲ್‌ಇಡಿಯನ್ನು ಮಿಣುಕಿಸುತ್ತದೆ, ಆ ಬೆಳಕು ಸಿಗ್ನಲ್ ದಾರಿಯಲ್ಲಿರುವ ಎಲ್‌ಡಿಆರ್ (ಬೆಳಕಿಗೆ ಸ್ಪಂದಿಸುವ ರೆಸಿಸ್ಟರ್) ಮೇಲೆ ಬಿದ್ದಾಗ ಅದರ ರೆಸಿಸ್ಟೆನ್ಸ್ ಇಳಿದು ಸದ್ದು ಏರುತ್ತದೆ. ಸ್ಪೀಡಿಗೊಂದು ಪಾಟ್ (ತಿರುಗಿಸುವ ಗುಂಡಿ), ಡೆಪ್ತಿಗೆ, ಅಂದರೆ ಸದ್ದು ಎಷ್ಟು ಏರಿಳಿಯಬೇಕು ಅನ್ನುವುದಕ್ಕೆ, ಇನ್ನೊಂದು, 9 ವೋಲ್ಟ್ ಬ್ಯಾಟರಿ. ಅಷ್ಟೇ.

ರಾತ್ರಿ ಚೆನ್ನಾಗಿ ಅಲೆ ಅಲೆಯಾಗಿ ಬಂತು. ಬೆಳಿಗ್ಗೆ ಅಮ್ಮನಿಗೆ ತೋರಿಸಲು ಕಿಟಕಿ ಹತ್ತಿರ ಇಟ್ಟೆ, ಒಂಚೂರೂ ಅಲುಗಾಟ ಇಲ್ಲ ಮಾರಾಯ್ರೆ!

"ಎರಡು ದಿನ ಊಟ ಬಿಟ್ಟು ಮಾಡಿದ್ದು ಇದನ್ನಾ?"

ಸೋಲ್ಡರ್ ಮಾಡಿದ್ದನ್ನೆಲ್ಲ ಮತ್ತೆ ಕಾಯಿಸಿದೆ, ಐಸಿ ಬದಲಿಸಿದೆ. ಮಧ್ಯಾಹ್ನದ ಹೊತ್ತಿಗೆ ಕಣ್ಣಿಗೆ ಬಿತ್ತು: ಎಲ್‌ಡಿಆರ್‌ಗೆ ಸುತ್ತಿದ್ದ ಟೇಪಿನ ತುದಿ ಈ ತೇವಕ್ಕೆ ಬಿಟ್ಟುಕೊಂಡಿದೆ, ಹಗಲು ಬೆಳಕು ಒಳಗೆ ನುಗ್ಗುತ್ತಿದೆ. ಎಲ್‌ಇಡಿ ಎಷ್ಟು ಮಿಣುಕಿದರೇನು, ಅಲ್ವಾ? ಕೊಡೆ ಹಿಡಿದು ಹಂಪನಕಟ್ಟೆಗೆ ಹೋಗಿ ಕಪ್ಪು ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ತಂದು ಎರಡು ಪದರ ಹಾಕಿದೆ.

ಗಿಟಾರ್ ಸದ್ದಿನ ಹಿನ್ನೆಲೆಯಲ್ಲಿ ಟಿಕ್ ಟಿಕ್ ಅಂತ ಕೇಳುತ್ತಿತ್ತು, ಆಸಿಲೇಟರ್ ಬ್ಯಾಟರಿಯಿಂದ ಕರೆಂಟ್ ಎಳೆಯುವ ಸದ್ದು. 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದ ಮೇಲೆ ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಮಳೆ ಸದ್ದಿನಲ್ಲಿ ಕೇಳಿಸುವುದಿಲ್ಲ.