ಫೀಡರ್ ಮೂರು, ಎಲ್‌ಸಿ ಎರಡು

ನಾನು ಉಡುಪಿ ಕಡೆಯ ಒಂದು 33/11 ಕೆವಿ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಏನು ಕೆಲಸ ಅಂತ ಯಾರಾದರೂ ಕೇಳಿದರೆ ‘ಕರೆಂಟ್ ತೆಗೆಯುವುದು, ಕೊಡುವುದು’ ಎನ್ನುತ್ತೇನೆ. ತೆಗೆದಾಗ ಬೈಗುಳ ಗ್ಯಾರಂಟಿ, ಕೊಟ್ಟದ್ದು ಯಾರ ಗಮನಕ್ಕೂ ಬರುವುದಿಲ್ಲ. ಗಂಟೆಗೊಮ್ಮೆ ಪ್ಯಾನೆಲ್ ಮುಂದೆ ನಿಂತು ಆಂಪಿಯರ್, ವೋಲ್ಟೇಜ್ ನೋಡಿ ಲಾಗ್‌ಶೀಟ್ ತುಂಬಿಸಬೇಕು. ಫೀಡರ್ ಎಂದರೆ ಇಲ್ಲಿಂದ ಊರುಗಳಿಗೆ ಹೋಗುವ ಲೈನು. ಅದು ಟ್ರಿಪ್ ಆದರೆ, ಅಂದರೆ ದೋಷ ಬಂದು ತಾನಾಗಿಯೇ ಆಫ್ ಆದರೆ, ಟೆಸ್ಟ್ ಚಾರ್ಜ್ ಮಾಡಿ, ಒಮ್ಮೆ ಕರೆಂಟ್ ಕೊಟ್ಟು ನಿಲ್ಲುತ್ತದೋ ನೋಡಬೇಕು. ಲೈನ್‌ಮ್ಯಾನ್ ಕೇಳಿದರೆ ಎಲ್‌ಸಿ ಕೊಡಬೇಕು.

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಲೈನಿಗೆ ಕೈ ಹಾಕುವವನು ಮೊದಲು ನಮ್ಮಿಂದ ಎಲ್‌ಸಿ ತೆಗೆದುಕೊಳ್ಳುತ್ತಾನೆ. ನಾವು ಬ್ರೇಕರ್ (ಫೀಡರಿನ ದೊಡ್ಡ ಸ್ವಿಚ್ಚು) ಆಫ್ ಮಾಡಿ, ಅದು ಕೂತಿರುವ ಟ್ರಾಲಿಯನ್ನು ಹೊರಗೆಳೆದು, ‘ಮೆನ್ ಆನ್ ಲೈನ್’ ಬೋರ್ಡು ತೂಗುಹಾಕಿ, ಹೊತ್ತು ಬರೆದು, ಅವನಿಗೊಂದು ನಂಬರ್ ಹೇಳುತ್ತೇವೆ. ಅವನು ಆರು ಕಿಲೋಮೀಟರ್ ಆಚೆ ಯಾವುದೋ ಗುಡ್ಡದ ಬದಿಯ ಕಂಬದಡಿ ನಿಂತು ಆ ನಂಬರ್ ಕೇಳಿಸಿಕೊಂಡು ಹತ್ತುತ್ತಾನೆ. ಕೆಲಸ ಮುಗಿದ ಮೇಲೆ ಅವನೇ ಎಲ್‌ಸಿ ರಿಟರ್ನ್ ಮಾಡಬೇಕು. ಅವನ ಪರವಾಗಿ ಇನ್ನೊಬ್ಬ ಮಾಡುವಂತಿಲ್ಲ. ನನ್ನನ್ನು ಅವನು ನೋಡುವುದಿಲ್ಲ, ಅವನನ್ನು ನಾನು ನೋಡುವುದಿಲ್ಲ. ನಡುವೆ ಇರುವುದು ಒಂದು ಮಾತು, ಒಂದು ಪುಸ್ತಕ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಬಾಗಿಲು ಹಾಕುವಂತಿರಲಿಲ್ಲ. ನಾಲ್ವರು ಆಪರೇಟರ್‌ಗಳಲ್ಲಿ ಇಬ್ಬರು ಊರಿಗೆ ಹೋದವರು ಅಲ್ಲಿಯೇ ಸಿಕ್ಕಿಬಿದ್ದರು. ಉಳಿದಿಬ್ಬರಿಗೆ 12 ಗಂಟೆಯ ಪಾಳಿ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದ ಕಾರಣ ಕೆಲವು ದಿನ ನಾನು ಸ್ಟೇಷನ್ನಿನ ಬ್ಯಾಟರಿ ರೂಮಿನ ಪಕ್ಕದ ಕೋಣೆಯಲ್ಲೇ ಮಲಗಿದೆ. ಅಮ್ಮ ರಾತ್ರಿ ಎಂಟಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಮನೆ ಪ್ರಾರ್ಥನೆಗೆ ನನ್ನನ್ನೂ ಸೇರಿಸಿಕೊಳ್ಳುತ್ತಿದ್ದರು. ಆ ಹೊತ್ತಿಗೇ ರೀಡಿಂಗ್ ಬರೆಯುವ ಸಮಯ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎನ್ನುತ್ತಾ ಫೀಡರ್ ಒಂದು, ಫೀಡರ್ ಎರಡು ಅಂತ ಬರೆದುಕೊಂಡು ಹೋಗುತ್ತಿದ್ದೆ. ದೇವರಿಗೆ ಅಡ್ಡಿ ಇರಲಿಕ್ಕಿಲ್ಲ.

ನಮ್ಮದು ಬಾಸೆಲ್ ಮಿಷನ್ ಕಾಲದ ಕ್ರೈಸ್ತ ಸಭೆ, ಈಗ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ). ಕನ್ನಡದಲ್ಲೇ ಆರಾಧನೆ. ಆ ವರ್ಷ ಗರಿಗಳ ಭಾನುವಾರ ಏಪ್ರಿಲ್ 5ಕ್ಕೆ ಬಂತು. ಪ್ರತಿ ವರ್ಷ ಮಕ್ಕಳು ತೆಂಗಿನ ಗರಿ ಹಿಡಿದು ಹೊಸನ್ನ ಹಾಡುತ್ತಾ ಚರ್ಚಿಗೆ ಸುತ್ತು ಬರುತ್ತಾರೆ. (ತೆಂಗಿನ ಮಡಲು ಅಂದರೆ ನಮ್ಮ ಇಲಾಖೆಯವರಿಗೆ ಹಬ್ಬದ ನೆನಪು ಬರುವುದಿಲ್ಲ ಬಿಡಿ. ಕರಾವಳಿಯಲ್ಲಿ ಅರ್ಧ ಟ್ರಿಪ್ಪಿಂಗಿಗೆ ಅದೇ ಕಾರಣ.) ಆ ಸಲ ಮೆರವಣಿಗೆ ಇಲ್ಲ. ಬದಲಿಗೆ ಅವತ್ತೇ ರಾತ್ರಿ 9ಕ್ಕೆ 9 ನಿಮಿಷ ದೀಪ ಆರಿಸಿ ಹಣತೆ ಹಚ್ಚಬೇಕೆಂಬ ಪ್ರಧಾನಿ ಕರೆ.

ಜನ ಹಣತೆಗೆ ಎಣ್ಣೆ ಹಾಕುತ್ತಿದ್ದಾಗ ನಾವು ಮೀಟರ್ ಮುಂದೆ ಉಸಿರು ಬಿಗಿ ಹಿಡಿದು ನಿಂತಿದ್ದೆವು. ಇಡೀ ದೇಶದ ಲೋಡು ಒಟ್ಟಿಗೆ ಇಳಿದು ಒಟ್ಟಿಗೆ ಏರಿದರೆ ಫ್ರೀಕ್ವೆನ್ಸಿ ಹಿಡಿದಿಡುವುದು ತಮಾಷೆಯಲ್ಲ. ಸುಮಾರು 12ರಿಂದ 13 ಸಾವಿರ ಮೆಗಾವ್ಯಾಟ್ ಇಳಿಯಬಹುದೆಂದು ಅಂದಾಜಿತ್ತು. ಇಳಿದದ್ದು 31 ಸಾವಿರಕ್ಕೂ ಹೆಚ್ಚು. ಜಲವಿದ್ಯುತ್ ಘಟಕಗಳನ್ನು ತಗ್ಗಿಸಿ ಮತ್ತೆ ಎಬ್ಬಿಸಿ ಗ್ರಿಡ್ ಉಳಿಸಿಕೊಂಡರು. ನಮ್ಮಲ್ಲಿ ಮುಳ್ಳುಗಳು ಸರಸರ ಕೆಳಗೆ ಬಂದವು, ವೋಲ್ಟೇಜ್ ಮೇಲೇರಿತು, ಹತ್ತು ನಿಮಿಷದಲ್ಲಿ ಮತ್ತೆ ಮೊದಲಿನಂತಾಯಿತು. ಅಷ್ಟೇ.

ಅವತ್ತು ರಾತ್ರಿ ನಾನೂ ಸಭೆಯ ವಾಟ್ಸ್ಯಾಪ್ ಗುಂಪಿಗೆ ‘ಲೋಕದ ಬೆಳಕು’ ಅಂತ ಒಂದು ಉದ್ದ ಸಂದೇಶ ಬರೆದು ಹಾಕಿದೆ. ಇಪ್ಪತ್ತೆಂಟು ಜನ ಕೈಮುಗಿದ ಚಿತ್ರ ಹಾಕಿದರು. ಈಗ ಓದಿದರೆ ನಾಚಿಕೆಯಾಗುತ್ತದೆ. ಆ ದಿನಗಳಲ್ಲಿ ಇಂಥವು ಎಷ್ಟು ಬಂದವು! ಮಾಸ್ಕ್ ಅಂದರೆ ನಂಬಿಕೆ, ಸ್ಯಾನಿಟೈಸರ್ ಅಂದರೆ ಪಾಪಕ್ಷಮೆ, ಕ್ವಾರಂಟೈನ್ ಅಂದರೆ ಯೋನನು ಮೀನಿನ ಹೊಟ್ಟೆಯಲ್ಲಿದ್ದ ಮೂರು ದಿನ. ಕೈಗೆ ಸಿಕ್ಕಿದ್ದಕ್ಕೆಲ್ಲ ವಚನ ಅಂಟಿಸುವ ಕೆಲಸ. ಬೈಬಲಿಗೂ ಅದರಿಂದ ಉಪಕಾರವಿಲ್ಲ, ಸ್ಯಾನಿಟೈಸರಿಗೂ ಇಲ್ಲ.

ನಾನು ಹುಡುಕದೇ ಇದ್ದಾಗ ಅಂಥ ಹೋಲಿಕೆ ಒಂದು ತಾನಾಗಿ ಬಂತು. ಬಂದ ರೀತಿಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಏಪ್ರಿಲ್ 26, ಭಾನುವಾರ. ಸಂಜೆ 5 ದಾಟಿದ ಮೇಲೆ ಮೂಡಣ ದಿಕ್ಕು ಕಪ್ಪಾಯಿತು. ಬೇಸಿಗೆ ಮಳೆ ಗೊತ್ತಲ್ಲ, ನೀರಿಗಿಂತ ಗಾಳಿ ಜಾಸ್ತಿ. 5.20ಕ್ಕೆ ಫೀಡರ್ ಮೂರು ಅರ್ತ್ ಫಾಲ್ಟಿನಲ್ಲಿ (ಲೈನಿನ ಕರೆಂಟ್ ನೆಲಕ್ಕೆ ಹರಿದು) ಟ್ರಿಪ್. ಟೆಸ್ಟ್ ಚಾರ್ಜ್ ನಿಲ್ಲಲಿಲ್ಲ. ಎರಡು ಸಾವಿರದ ಚಿಲ್ಲರೆ ಮನೆಗಳ ಫೀಡರ್ ಅದು. 5.50ಕ್ಕೆ ನಮ್ಮ ಹಿರಿಯ ಲೈನ್‌ಮ್ಯಾನ್ ಫೋನ್ ಮಾಡಿ, ಶಾಲೆಯ ಹತ್ತಿರ ಜಂಪರ್ (ಕಂಬದ ಮೇಲೆ ತಂತಿಗೆ ತಂತಿ ಜೋಡಿಸುವ ತುಣುಕು) ತುಂಡಾಗಿದೆ, ಎಲ್‌ಸಿ ಕೊಡಿ ಎಂದರು. ಕೊಟ್ಟೆ. ಪುಸ್ತಕದಲ್ಲಿ ಬರೆದೆ.

6.15ಕ್ಕೆ ಇನ್ನೊಂದು ಫೋನ್. ಬಾದಾಮಿ ತಾಲ್ಲೂಕಿನ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ನಮ್ಮ ಕರಾವಳಿಯ ಕಂಬಗಳನ್ನು ಹತ್ತುವವರಲ್ಲಿ ಬಾಗಲಕೋಟೆ, ವಿಜಯಪುರ ಕಡೆಯ ಮಕ್ಕಳು ಬಹಳ. ಲಾಕ್‌ಡೌನಿನಲ್ಲಿ ಊರಿಗೂ ಹೋಗಲಾಗದೆ, ಇಲ್ಲಿ ಹೋಟೆಲೂ ಇಲ್ಲದೆ, ಬಾಡಿಗೆ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು ಇದ್ದವರು ಅವರು. ‘ಸರ, ಇಲ್ಲಿ ಗೇರುಗಿಡ ಲೈನಿನ ಮ್ಯಾಲ ಬಿದ್ದೈತ್ರಿ, ಎಲ್‌ಸಿ ಕೊಡ್ರಿ’ ಎಂದ. ಫೀಡರ್ ಹೇಗೂ ಆಫ್ ಇತ್ತು. ನಂಬರ್ ಹೇಳಿದೆ. ಪುಸ್ತಕ ಆ ಕಡೆ ಮೇಜಿನ ಮೇಲಿತ್ತು, ಅಷ್ಟರಲ್ಲಿ ಲ್ಯಾಂಡ್‌ಲೈನ್ ಬಡಿದುಕೊಳ್ಳತೊಡಗಿತು. ಆಮೇಲೆ ಪುಸ್ತಕಕ್ಕೆ ಏರಿಸಿದರಾಯಿತೆಂದು ಲಾಗ್‌ಶೀಟಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದೆ. ಎರಡನೇ ಬೋರ್ಡು ಹಾಕಲಿಲ್ಲ. ಒಂದು ಇದೆಯಲ್ಲ!

ಆಮೇಲೆ ಫೋನು, ಫೋನು, ಫೋನು. ಫ್ರಿಜ್ಜಿನಲ್ಲಿ ಮೀನಿದೆ. ಇನ್ವರ್ಟರ್ ಖಾಲಿ. ಮಗುವಿಗೆ ಸೆಕೆ. ನಿಮಗೆ ಸಂಬಳ ಯಾಕೆ ಕೊಡುವುದು? ನಮ್ಮ ಸಭೆಯ ಹಿರಿಯರೊಬ್ಬರೂ ಮಾಡಿದರು: ‘ಏಳಕ್ಕೆ ಜೂಮಿನಲ್ಲಿ ಪ್ರಾರ್ಥನೆ ಉಂಟಲ್ಲ ಮಾರಾಯಾ, ಸಭಾಪಾಲಕರ ಮನೆಯಲ್ಲೂ ಕರೆಂಟಿಲ್ಲ. ಬೇಗ ಕೊಡು.’

6.50ಕ್ಕೆ ಹಿರಿಯ ಲೈನ್‌ಮ್ಯಾನ್: ‘ಎಲ್‌ಸಿ ರಿಟರ್ನ್ ಸರ್, ಚಾರ್ಜ್ ಮಾಡಿ.’

ಪುಸ್ತಕದಲ್ಲಿ ರಿಟರ್ನ್ ಬರೆದೆ. ಬೋರ್ಡು ತೆಗೆದೆ. ಟ್ರಾಲಿ ಒಳಗೆ ತಳ್ಳಿದೆ. ಸ್ವಿಚ್ಚಿನ ಹಿಡಿಗೆ ಕೈ ಹಾಕಿದೆ. ಮಾಸ್ಕಿನ ಉಸಿರಿಗೆ ಕನ್ನಡಕ ಮಂಜಾಗಿ ಪ್ಯಾನೆಲ್ಲಿನ ಅಂಕಿ ಕಾಣುತ್ತಿರಲಿಲ್ಲ. ಕೈ ತೆಗೆದು, ಅಂಗಿ ತುದಿಯಿಂದ ಒರೆಸಿ, ಕನ್ನಡಕ ಹಾಕಿಕೊಂಡೆ. ಎದುರಿಗೇ ಲಾಗ್‌ಶೀಟು. ಅಂಚಿನಲ್ಲಿ ನನ್ನದೇ ಪೆನ್ಸಿಲ್ ಅಕ್ಷರ: 6.15, ಗೇರು ಮರ.

ಕುರ್ಚಿ ಹುಡುಕಿ ಕೂತೆ.

ಅವನು ಕೆಲಸದ ಜಾಗದಲ್ಲಿ ಅರ್ತ್ ರಾಡ್ (ಲೈನನ್ನು ನೆಲಕ್ಕೆ ಜೋಡಿಸುವ ಸರಳು) ಹಾಕಿಯೇ ಇರುತ್ತಾನೆ, ಚಾರ್ಜ್ ಮಾಡಿದ್ದರೂ ಬ್ರೇಕರ್ ಟ್ರಿಪ್ ಆಗುತ್ತಿತ್ತು, ಏನೂ ಆಗುತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಆದರೆ ಮರ ಕಡಿಯುವಾಗ ಕೊಂಬೆ ತಾಗಿ ರಾಡ್ ಜಾರುವುದೂ ಉಂಟು. ಇದನ್ನು ಕೇಳಿದ ನನ್ನ ಹೆಂಡತಿ, ದೇವರೇ ಕನ್ನಡಕಕ್ಕೆ ಮಂಜು ಹಿಡಿಸಿದ್ದು ಎಂದಳು. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಪ್ರತಿ ಮಳೆಗಾಲ ಎಲ್ಲಿಯೋ ಒಬ್ಬ ಲೈನ್‌ಮ್ಯಾನ್ ಕಂಬದ ಮೇಲೇ ಸಾಯುತ್ತಾನೆ. ಅಲ್ಲಿಯ ಆಪರೇಟರನ ಕನ್ನಡಕ ಯಾಕೆ ಮಂಜಾಗಲಿಲ್ಲ ಎಂದು ಅವನ ಹೆಂಡತಿ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ತಪ್ಪು ನನ್ನದು. ಅದನ್ನು ನನ್ನದಾಗಿಯೇ ಇಟ್ಟುಕೊಂಡಿದ್ದೇನೆ.

ಹುಡುಗನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಹತ್ತು ಸಲ ಮಾಡಿದೆ. ‘ಇಷ್ಟು ಹೊತ್ತಿಗೆ ಇಳಿದಿರುತ್ತಾನೆ’ ಅಂತ ಒಬ್ಬರು ಅಂದರು. ಇಳಿದಿರಬಹುದು, ಇಳಿಯದೆಯೂ ಇರಬಹುದು. ಟ್ರಾಲಿ ಮತ್ತೆ ಹೊರಗೆಳೆದು, ಬೋರ್ಡು ಹಾಕಿ, ಹಿರಿಯ ಲೈನ್‌ಮ್ಯಾನಿಗೆ ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ನಾನು ಹೋಗಿ ನೋಡ್ತೇನೆ. ಅಲ್ಲಿಯವರೆಗೆ ಯಾರು ಬಂದು ಹೇಳಿದರೂ ಕೊಡಬೇಡಿ’ ಎಂದು ಬೈಕ್ ಹತ್ತಿದರು. ದಾರಿಯಲ್ಲಿ ಪೊಲೀಸರಿಗೆ ಪಾಸ್ ತೋರಿಸಬೇಕು, ಬಿದ್ದ ಮರಗಳನ್ನು ಸುತ್ತಿಕೊಂಡು ಹೋಗಬೇಕು.

ನಾನು ಕತ್ತಲಲ್ಲಿದ್ದ ಎರಡು ಸಾವಿರ ಮನೆಗಳ ಫೋನ್ ಎತ್ತುತ್ತಾ ಕೂತೆ.

ಕಾಣೆಯಾದ ಕುರಿಯ ಸಾಮ್ಯವನ್ನು ನಾನು ನಂಬಿದ್ದು ಅಷ್ಟಕ್ಕಷ್ಟೇ. ಲೂಕನ 15ನೇ ಅಧ್ಯಾಯ. ನೂರು ಕುರಿಗಳಲ್ಲಿ ಒಂದು ತಪ್ಪಿಹೋದರೆ ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಅದನ್ನು ಹುಡುಕಿಕೊಂಡು ಹೋಗುವ ಕುರುಬ. ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಯೇಸುವಿನ ಪಟ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಸಂಡೇ ಸ್ಕೂಲಿನಲ್ಲಿ ನಾನು ಎದ್ದು ನಿಂತು, ‘ಆ ತೊಂಬತ್ತೊಂಬತ್ತರ ಗತಿ ಏನು ಟೀಚರ್? ತೋಳ ಬಂದರೆ?’ ಎಂದು ಕೇಳಿದ್ದೆ. ಕೂತುಕೋ ಎಂದಿದ್ದರು. ಕೂತೆ, ಆದರೆ ಪ್ರಶ್ನೆ ಕೂರಲಿಲ್ಲ. ಲೆಕ್ಕ ಬಲ್ಲ ಯಾವನೂ ಒಂದಕ್ಕಾಗಿ ತೊಂಬತ್ತೊಂಬತ್ತನ್ನು ಪಣಕ್ಕಿಡುವುದಿಲ್ಲ.

ಈಗ ನನ್ನ ಕಿವಿಯಲ್ಲಿ ಕೂಗುತ್ತಿದ್ದದ್ದು ಆ ತೊಂಬತ್ತೊಂಬತ್ತೇ. ಅವರ ಬೇಡಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಮೀನು ಹಾಳಾಗುತ್ತಿದ್ದದ್ದು ನಿಜ, ಮಗು ಅಳುತ್ತಿದ್ದದ್ದೂ ನಿಜ. ಅವರೊಂದಿಗೆ ಜಗಳಕ್ಕೆ ನಿಲ್ಲಬೇಕೆಂದೂ ಅನಿಸಲಿಲ್ಲ. ‘ಲೈನಿನ ಮೇಲೆ ಒಬ್ಬ ಹುಡುಗ ಇದ್ದಾನೆ, ಅವನು ಸಿಗುವವರೆಗೆ ಕೊಡುವುದಿಲ್ಲ’ ಎಂದಷ್ಟೇ ಎಲ್ಲರಿಗೂ ಹೇಳಿದೆ. ವಿಚಿತ್ರ ನೋಡಿ, ಹಾಗೆ ಹೇಳಿದ ಮೇಲೆ ಯಾರೂ ಬೈಯಲಿಲ್ಲ. ಮೀನಿನವರು, ‘ಓ ದೇವರೇ, ಸಿಕ್ಕಿದ ಮೇಲೆ ಫೋನ್ ಮಾಡಿ ತಿಳಿಸಿ’ ಎಂದರು. ಸಭೆಯ ಹಿರಿಯರು ಏಳೂಕಾಲಿಗೆ ಮತ್ತೆ ಮಾಡಿ, ಕರೆಂಟಿನ ಮಾತೇ ಎತ್ತದೆ, ‘ಅವನ ಹೆಸರೇನು?’ ಎಂದು ಕೇಳಿದರು. ಹೇಳಿದೆ. ‘ಸರಿ’ ಎಂದು ಇಟ್ಟರು. ಜೂಮ್ ಇಲ್ಲದೆ ಅವರು ಯಾವ ಪ್ರಾರ್ಥನೆ ಮಾಡಿದರೋ ನಾನು ಕೇಳಿಲ್ಲ.

8.25ಕ್ಕೆ ಹಿರಿಯ ಲೈನ್‌ಮ್ಯಾನ್ ಫೋನಿನಿಂದ ಹುಡುಗನ ದನಿ: ‘ಸರ, ನಾನ್ರಿ. ಅರ್ತ್ ತಗದೇನ್ರಿ, ಕೆಳಗ ಅದೇನ್ರಿ. ಎಲ್‌ಸಿ ರಿಟರ್ನ್.’ ನಂಬರ್ ಹೇಳಿಸಿದೆ. ಇನ್ನೊಮ್ಮೆ ಹೇಳಿಸಿದೆ. 8.35ಕ್ಕೆ ಚಾರ್ಜ್ ಆಯಿತು, ನಿಂತಿತು.

ಆದದ್ದಿಷ್ಟು: ಪ್ಲಾಸ್ಟಿಕ್ ಕವರಿನಲ್ಲಿದ್ದರೂ ಅವನ ಫೋನು ನೀರು ಕುಡಿದು ಸತ್ತಿತ್ತು. ಏಳೂಕಾಲರವರೆಗೂ ಅವನು ಮೇಲೆಯೇ ಇದ್ದ, ಕೊಂಬೆ ಕಡಿಯುತ್ತಾ. ಇಳಿದು ಫೋನಿಗಾಗಿ ಮನೆ ಹುಡುಕಿಕೊಂಡು ಹೋದರೆ ಯಾರೂ ಬಾಗಿಲು ತೆರೆಯಲಿಲ್ಲ. ಮಾಸ್ಕ್ ಕಟ್ಟಿದ, ಮೈಯೆಲ್ಲ ಕೆಸರಾದ, ಬೇರೆ ಕಡೆಯ ಮಾತಿನ ಹುಡುಗ. ಆಗ ಎಲ್ಲರಿಗೂ ಎಲ್ಲರ ಮೇಲೂ ಭಯ. ಕೊನೆಗೊಂದು ಅಜ್ಜಿ ಕಿಟಕಿಯಿಂದ ನೋಡಿ, ಮೊಬೈಲನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು. ಆದರೆ ಈಗ ಯಾರ ನಂಬರ್ ಯಾರಿಗೆ ನೆನಪಿರುತ್ತದೆ? ಅವನಿಗೆ ಬಾಯಿಪಾಠ ಬರುತ್ತಿದ್ದದ್ದು ಕರೆಂಟ್ ಕಂಪ್ಲೇಂಟಿನ ನಂಬರ್ ಒಂದೇ. ನನಗೆ ಬೈಯಲು ಸಿಗದವರೆಲ್ಲ ಸಾಲು ನಿಂತಿದ್ದ ಅದೇ ನಂಬರ್. ಅವರ ಹಿಂದೆ ಇವನೂ ಪಾಳಿ ಕಾಯುತ್ತಾ ನಿಂತ. ಹಿರಿಯ ಲೈನ್‌ಮ್ಯಾನ್ ಹೋಗಿ ತಲುಪಿದಾಗ ಅವನಿನ್ನೂ ಜಗಲಿಯ ಕೆಳಗೆ ನಿಂತು ಫೋನಿನ ಸಂಗೀತ ಕೇಳುತ್ತಿದ್ದನಂತೆ.

ಮರುದಿನ ಬೆಳಿಗ್ಗೆ ನಾನೇ ಮೇಲಿನವರಿಗೆ ಬರೆದುಕೊಟ್ಟೆ. ಏನು ಹೇಳಿಸಿಕೊಳ್ಳಬೇಕೋ ಅದನ್ನು ಹೇಳಿಸಿಕೊಂಡೆ. ಅಂದಿನಿಂದ ನಮ್ಮ ಸ್ಟೇಷನ್ನಿನಲ್ಲಿ ಒಂದು ಎಲ್‌ಸಿಗೆ ಒಂದು ಬೋರ್ಡು. ಇಬ್ಬರಿದ್ದರೆ ಎರಡು, ಮೂವರಿದ್ದರೆ ಮೂರು. ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಆ ಮನುಷ್ಯನ ಹೆಸರು. ಪುಸ್ತಕದಲ್ಲಿ ಬರೆಯದೆ ಬಾಯಲ್ಲಿ ನಂಬರ್ ಹೇಳುವುದಿಲ್ಲ, ಲ್ಯಾಂಡ್‌ಲೈನ್ ಎಷ್ಟೇ ಬಡಿದುಕೊಳ್ಳಲಿ. ಹೊಸದಾಗಿ ಬಂದ ಆಪರೇಟರ್‌ಗೆ ಮೊದಲ ದಿನ ಆ ಹಳೆಯ ಲಾಗ್‌ಶೀಟಿನ ಜೆರಾಕ್ಸ್ ತೋರಿಸುತ್ತೇನೆ, ಅಂಚು ಸಮೇತ.

ಎರಡು ದಿನ ಬಿಟ್ಟು ಹುಡುಗ ಸ್ಟೇಷನ್ನಿಗೆ ಬಂದ. ಯಾರ್ಡಿನ ಗೇಟಿನ ಆಚೆಗೆ ಅವನು, ಈಚೆಗೆ ನಾನು, ಇಬ್ಬರ ಕೈಯಲ್ಲೂ ಸ್ಟೀಲ್ ಲೋಟದ ಚಹಾ. ಕ್ಷಮೆ ಕೇಳಿದೆ. ‘ಇರ್ಲಿ ಬಿಡ್ರಿ ಸರ’ ಎಂದು ತಲೆ ತಗ್ಗಿಸಿದ. ಮಾತಿಗೆ ಮಾತು ಬಂದು ಅಪ್ಪ ಏನು ಮಾಡುತ್ತಾರೆ ಎಂದೆ. ಕುರಿ ಕಾಯುತ್ತಾರೆ ಎಂದ.

ನಾನು ಸಂಡೇ ಸ್ಕೂಲಿನ ಪ್ರಶ್ನೆಯನ್ನು ಅವನ ಮುಂದಿಟ್ಟೆ.

‘ಹಿಂಡಿಗೆ ಏನಾಗತೈತ್ರಿ ಸರ?’ ಎಂದ, ಇದೂ ಒಂದು ಪ್ರಶ್ನೆಯಾ ಎಂಬಂತೆ. ‘ನಾಯಿ ಇರ್ತಾವ, ಜೋಡಿ ಕಾಯೋರು ಇರ್ತಾರ. ಕೂಡಿ ನಿಂತ ಕುರಿ ಅಂಜೂದಿಲ್ರಿ, ಮೈಗೆ ಮೈ ಹಚ್ಚಿ ನಿಂತಬಿಡ್ತಾವ. ತಪ್ಪಿಸಿಕೊಂಡಿದ್ದು ಹಂಗಲ್ರಿ. ಅದು ಒದರೂದೂ ಇಲ್ಲ. ಕಂಟಿ ಸಂದ್ಯಾಗ ಕಾಲು ಮಡಚಿ ಕುಂತಬಿಡತೈತಿ. ತಾನಾಗಿ ಬರೂದs ಇಲ್ರಿ. ನಾವs ಹೋಗಬೇಕು. ಸಿಕ್ಕ ಮ್ಯಾಲೂ ನಡಿಯೂದಿಲ್ಲ, ಕಾಲಾಗ ಬಲ ಇರೂದಿಲ್ಲ ಅದಕ್ಕ. ಹೊತಗೊಂಡs ಬರಬೇಕು.’

ಅರ್ಧ ಚಹಾ ಕುಡಿದು ಕೇಳಿದ: ‘ನಿಮ್ಮ ಯೇಸುಸ್ವಾಮಿ ಕುರಿ ಕಾಯ್ತಿದ್ರೇನ್ರಿ?’

‘ಇಲ್ಲ ಮಾರಾಯಾ, ಬಡಗಿ.’

‘ಹಂಗಾದ್ರ ಕುರಿ ಕಾಯೋರ ಕೂಡ ಬಾಳ ದಿನ ಕುಂತಾರ ಬಿಡ್ರಿ’ ಎಂದು ಲೋಟವನ್ನು ಗೇಟಿನ ಕಟ್ಟೆಯ ಮೇಲಿಟ್ಟು, ಹೆಲ್ಮೆಟ್ ಹಾಕಿಕೊಂಡು, ಫೀಡರ್ ಐದರ ಕಡೆಗೆ ಹೋದ.