ಪಥಕಕ್ಕೆ ಸೇರುವ ಮುನ್ನ
ಪುಣೆಯಲ್ಲಿ ಮಳೆ ಹಿಡಿದರೆ ಮುಠಾ ನದಿಯ ದಂಡೆಯಲ್ಲಿ ಢೋಲ್-ತಾಶಾ ಪಥಕಗಳ, ಅಂದರೆ ಗಣಪತಿ ಮೆರವಣಿಗೆಯಲ್ಲಿ ದೊಡ್ಡ ಢೋಲ್, ಸಣ್ಣ ತಾಶಾ ಬಾರಿಸುವ ತಂಡಗಳ ಅಭ್ಯಾಸವೂ ಶುರು. ಈ ಸಲ ಸೇರಬೇಕೆಂದಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಗಣಪತಿ ಹತ್ತಿರ ಬರುವವರೆಗೆ ಕಾಯಬೇಡಿ, ಈಗಲೇ ಹೋಗಿ. ಸಂಗೀತ ಬರಲೇಬೇಕೆಂದಿಲ್ಲ.

ಢೋಲ್ ಕಟ್ಟುವ ಮುಂಚೆ ಸೊಂಟಕ್ಕೆ ದಪ್ಪ ಬಟ್ಟೆ ಬಿಗಿಯಾಗಿ ಸುತ್ತಿಕೊಳ್ಳಿ, ಇಲ್ಲದಿದ್ದರೆ ಹಗ್ಗ ಚರ್ಮ ಕೀಳುತ್ತದೆ. ಢೋಲ್ ಕೆಳಗೆ ಜೋತುಬಿದ್ದರೆ ನಡೆಯುವಾಗ ಮೊಣಕಾಲಿಗೆ ಬಡಿಯುತ್ತದೆ. ಒಂದು ಮುಖಕ್ಕೆ ಟಿಪರು ಎಂಬ ಕೋಲು, ಇನ್ನೊಂದಕ್ಕೆ ಅಂಗೈ. ಹೊಸಬರು ಟಿಪರನ್ನು ಮುಷ್ಟಿ ಬಿಗಿದು ಹಿಡಿಯುತ್ತಾರೆ. ಅದು ಪುಟಿಯದೆ ನಾದ ಸಾಯುತ್ತದೆ, ಕೈಯಲ್ಲಿ ಬೊಬ್ಬೆ ಏಳುತ್ತದೆ. ಹಿಡಿತ ಸಡಿಲವಿರಲಿ, ಏಟು ಮಣಿಕಟ್ಟಿನಿಂದ ಬರಲಿ. ತೊಗಲಿನ ಢೋಲ್ ಆದರೆ ತೇವ ಹೀರಿ ಸಡಿಲಾಗುತ್ತದೆ, ಹಗ್ಗ ಮತ್ತೆ ಬಿಗಿಯಬೇಕು. ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು.

ತಾಳ ತಪ್ಪುವುದು ಹೆಚ್ಚಾಗಿ ಹಿಂದಿನ ಸಾಲಿನಲ್ಲಿ. ಶಬ್ದ 30 ಮೀಟರ್ ದಾಟಲು ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಹೊತ್ತು ಬೇಕು. ಮುಂದಿನ ತಾಶಾ ಕೇಳಿಸಿಕೊಂಡು ಬಾರಿಸಿದರೆ ಅಷ್ಟೂ ತಡವಾಗುತ್ತದೆ. ಅದಕ್ಕೇ ಕಿವಿಗಿಂತ ಕಣ್ಣನ್ನು ನಂಬಿ, ಮುಂದಾಳಿನ ಕೈ ನೋಡಿ.

ನಮ್ಮ ಡೊಳ್ಳಿಗೂ ಒಂದು ಕಡೆ ಕೋಲು, ಇನ್ನೊಂದು ಕಡೆ ಕೈ. ಊರಲ್ಲಿ ಡೊಳ್ಳು ನೋಡಿ ಬೆಳೆದವರಿಗೆ ಇಲ್ಲಿಯ ಮೊದಲ ಏಟೇ ಗುರುತು ಹತ್ತುತ್ತದೆ.