ಐದೂವರೆ ಗಂಟೆಯ ಕಟ್ಟೆ

ಸೀಸೆಯ ತಳದಲ್ಲಿ ಕಡು ಕಂದು ಬಣ್ಣದ ಗಸಿ ಇಳಿಯುತ್ತಿದ್ದಂತೆ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಸಂತೋಷವಾಯಿತು.

ಮಕ್ಕಳ ವಿಜ್ಞಾನ ಸಮಾವೇಶಕ್ಕೆಂದು ನಮ್ಮ ಪ್ರೌಢಶಾಲೆಯ ಐವರು ಮಕ್ಕಳು ಊರಿನ ಕಸ ಮತ್ತು ಊರ ಮುಂದಿನ ನೀರಿನ ಕಟ್ಟೆ, ಇವೆರಡರ ನಂಟನ್ನು ವಿಷಯವಾಗಿ ಆರಿಸಿಕೊಂಡಿದ್ದರು. ಒಂದು ವಾರ ಇಪ್ಪತ್ತು ಮನೆಗಳ ಕಸವನ್ನು ತೂಗಿ ಬರೆದುಕೊಂಡರು. ನಿಮ್ಮ ಮನೆಯ ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ ಇಪ್ಪತ್ತೂ ಮನೆಯವರು ಕೊಟ್ಟ ಉತ್ತರ ಒಂದೇ: ಪಂಚಾಯಿತಿ ಗಾಡಿಗೆ. ಬಾಟಲಿ, ಡಬ್ಬಗಳು ಗುಜರಿಗೆ. ಕಟ್ಟೆಯ ಏರಿಯ ಮೇಲೆ ಸಿಕ್ಕಿದ ಪ್ಲಾಸ್ಟಿಕ್ ಕೂಡ ಎರಡು ಗೋಣಿಚೀಲ ತುಂಬಲಿಲ್ಲ.

ನೀರಿನ ಪರೀಕ್ಷೆಗೆ ಹತ್ತಿರದ ಪದವಿ ಕಾಲೇಜಿನವರು ಸೀಸೆ ಮತ್ತು ರಾಸಾಯನಿಕಗಳನ್ನು ಕೊಟ್ಟಿದ್ದರು. 1888ರಲ್ಲಿ ಹಂಗೇರಿಯ ವಿಂಕ್ಲರ್ ರೂಪಿಸಿದ ಈ ಪರೀಕ್ಷೆಯನ್ನು ಮಕ್ಕಳಿಗೆ ತೋರಿಸುವುದೆಂದರೆ ನನಗೆ ಬಹಳ ಪ್ರೀತಿ. ಗಾಳಿಗುಳ್ಳೆ ಉಳಿಯದಂತೆ ಸೀಸೆಗೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರ ಬೆರೆತ ಅಯೋಡೈಡನ್ನೂ ಹಾಕಿ ಬಿರಡೆ ಒತ್ತಿದರೆ, ನೀರಿನಲ್ಲಿ ಆಮ್ಲಜನಕ ಕರಗಿದ್ದರೆ ಗಸಿ ಕಂದಾಗುತ್ತದೆ. ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಕಣ್ಣಿಗೆ ಕಾಣದ ಉಸಿರು ಕಣ್ಣೆದುರೇ ಬಣ್ಣವಾಗಿ ನಿಲ್ಲುತ್ತದೆ. ಆ ಮಧ್ಯಾಹ್ನ ಮೂರು ಗಂಟೆಗೆ ನಮಗೆ ಸಿಕ್ಕಿದ ಲೆಕ್ಕ ಲೀಟರಿಗೆ 11 ಮಿಲಿಗ್ರಾಂ. ಮೀನುಗಳಿಗೆ 5 ಇದ್ದರೆ ನೆಮ್ಮದಿ. ‘ನಮ್ಮ ಕಟ್ಟೆ ಆರೋಗ್ಯವಾಗಿದೆ’ ಎಂದು ಒಬ್ಬ ಹುಡುಗ ದಪ್ಪ ಅಕ್ಷರದಲ್ಲಿ ಬರೆದ. ನಾನು ತಡೆಯಲಿಲ್ಲ.

ತಡೆಯಬೇಕಿತ್ತು. 28 ಡಿಗ್ರಿ ಬೆಚ್ಚಗಿನ ನೀರು ಗಾಳಿಯಿಂದ ಹೀರಿ ಹಿಡಿದುಕೊಳ್ಳುವುದು ಹೆಚ್ಚೆಂದರೆ 8 ಮಿಲಿಗ್ರಾಂ. ಉಳಿದದ್ದು ಎಲ್ಲಿಂದ ಬಂತು? ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಹಸಿರು ಬಣ್ಣ ಕಲಸಿದಂತಿದ್ದ ನೀರು ಕಣ್ಣ ಮುಂದೆಯೇ ಇತ್ತು.

ತೂಬಿನ ಬಳಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹಳೆಯ ನೀರುಗಂಟಿ ಅಜ್ಜ ಎಲ್ಲವನ್ನೂ ನೋಡಿ ಇಷ್ಟೇ ಹೇಳಿದರು: “ಮೇಷ್ಟ್ರೇ, ಹೊತ್ತು ಏರಿದ ಮೇಲೆ ಬಂದರೆ ಏನು ಗೊತ್ತಾಗುತ್ತದೆ? ಬೆಳ್ಳಿ ಮೂಡುವ ಹೊತ್ತಿಗೆ ಬನ್ನಿ. ಮೀನು ಬಾಯಿ ಬಿಡುತ್ತಿರುತ್ತವೆ.”

ಮರುದಿನ ಐದೂವರೆಗೆ ಏರಿಯ ಮೇಲಿದ್ದೆವು. ಹೆಣ್ಣುಮಕ್ಕಳ ಜೊತೆ ಅವರ ಅಮ್ಮಂದಿರೂ ಬಂದಿದ್ದರು. ಟಾರ್ಚ್ ಬೆಳಕು ಬಿದ್ದಲ್ಲೆಲ್ಲ ನೀರಿನ ಮೇಲೆ ಪುಟ್ಟ ಪುಟ್ಟ ಬಾಯಿಗಳು. ಜಿಲೇಬಿ ಮೀನುಗಳು ಮೇಲಕ್ಕೆ ಬಂದು ಗಾಳಿಗಾಗಿ ಹಾತೊರೆಯುತ್ತಿದ್ದವು, ದಡದುದ್ದಕ್ಕೂ ಚಪ್ ಚಪ್ ಎಂಬ ಸದ್ದು. ಯಾರೂ ಮಾತನಾಡಲಿಲ್ಲ. ಸೀಸೆ ತುಂಬಿ ಬಿರಡೆ ಒತ್ತಿ ಅಲುಗಾಡಿಸಿದೆ. ಗಸಿ ಹಾಲಿನಂತೆ ಬೆಳ್ಳಗೆ ಇಳಿಯಿತು. ಆಮ್ಲಜನಕ 1 ಮಿಲಿಗ್ರಾಮಿಗೂ ಕಡಿಮೆ.

ಹಗಲೆಲ್ಲ ಬಿಸಿಲಿನಲ್ಲಿ ಆಮ್ಲಜನಕ ಉಕ್ಕಿಸಿದ ಪಾಚಿಯೇ ಕತ್ತಲಾದ ಮೇಲೆ ಅದನ್ನು ಉಸಿರಾಡಿ ತೀರಿಸುತ್ತದೆ. ಸತ್ತು ತಳ ಸೇರಿದ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೂ ಅದೇ ಬೇಕು. ಹುಡುಗನೊಬ್ಬ ಮೊರದಲ್ಲಿ ಎತ್ತಿದ ಕೆಸರು ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು. ಅದರೊಳಗೆ ಕೆಂಪು ದಾರದ ತುಣುಕುಗಳಂತೆ ಹುಳುಗಳು ಮಿಸುಕುತ್ತಿದ್ದವು. “ರಕ್ತವೇ ಸರ್?” ಎಂದ. ಒಂದು ಬಗೆಯಲ್ಲಿ ಹೌದು. ಕಚ್ಚದ ಒಂದು ಜಾತಿಯ ನೊಣದ ಮರಿಹುಳುಗಳವು. ಅವುಗಳ ಮೈಯಲ್ಲಿ ಹಿಮೊಗ್ಲೋಬಿನ್ ಇರುವುದರಿಂದ ಬೇರೆ ಜೀವಿಗಳು ಉಳಿಯಲಾರದ ಕೆಸರಿನಲ್ಲೂ ಬದುಕುತ್ತವೆ.

ಆದರೆ ಇಷ್ಟೊಂದು ಪಾಚಿಗೆ ಗೊಬ್ಬರ ಹಾಕುತ್ತಿರುವವರು ಯಾರು? ಕಸವೆಲ್ಲ ಗಾಡಿಗೆ ಹೋಗುತ್ತಿದೆಯಲ್ಲ! ನಾನು ಯೋಚಿಸುತ್ತಿರುವಾಗಲೇ ಒಬ್ಬ ಹುಡುಗಿಯ ತಾಯಿ ಮೆಲ್ಲಗೆ ಕೇಳಿದರು: “ನಮ್ಮ ಬಚ್ಚಲ ನೀರೂ ಇಲ್ಲಿಗೇ ಬರುತ್ತದಲ್ಲವೇ ಮೇಷ್ಟ್ರೇ?”

ನಮ್ಮ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ತೂಗಲು ಬರುವುದನ್ನು ಮಾತ್ರ ನಾವು ಕಸ ಎಂದುಕೊಂಡಿದ್ದೆವು. ಅದೇ ಇಪ್ಪತ್ತು ಮನೆಗಳಿಗೆ ಮಕ್ಕಳು ಮತ್ತೆ ಹೋದರು. ಈ ಸಲ ಬಾಗಿಲಲ್ಲಿ ನಿಂತು ಕೇಳಲಿಲ್ಲ, ಹಿತ್ತಿಲಿಗೆ ಹೋಗಿ ನೋಡಿದರು. ಬಟ್ಟೆ ಒಗೆದ ಸೋಪಿನ ನೀರು, ಪಾತ್ರೆ ತೊಳೆದ ಮುಸುರೆ, ಕೊಟ್ಟಿಗೆ ತೊಳೆದ ಸಗಣಿ ಗಂಜಲ, ಕಲ್ಯಾಣ ಮಂಟಪದ ಹಿಂದೆ ಸುರಿದ ಅನ್ನ ಸಾರು, ಮಳೆ ಬಂದಾಗ ತಿಪ್ಪೆಗಳ ರಸ. ಎಲ್ಲವೂ ಚರಂಡಿ ಹಿಡಿದು ಒಂದೇ ಕಡೆಗೆ ಇಳಿಯುತ್ತಿದ್ದವು. ಪಾಚಿಯನ್ನು ಕೊಬ್ಬಿಸುವ ಗೊಬ್ಬರ ಸಾರಜನಕ, ರಂಜಕ ಎಂದು ಹಲಗೆಯ ಮೇಲೆ ನಾನು ಎಷ್ಟೋ ಬಾರಿ ಬರೆದಿದ್ದೇನೆ. ಅವು ನಡೆದುಬರುವ ದಾರಿಯನ್ನು ಮಕ್ಕಳು ಚಪ್ಪಲಿಗೆ ಕೆಸರು ಮೆತ್ತಿಕೊಂಡು ಹುಡುಕಿದರು.

ಆ ಸಂಜೆ ಶಾಲೆಯ ನೆಲದ ಮೇಲೆ ದೊಡ್ಡ ಹಾಳೆ ಹಾಸಿ ಊರಿನ ನಕ್ಷೆ ಬರೆಯಲು ಕುಳಿತೆವು. ‘ನಮ್ಮ ಕಟ್ಟೆ ಆರೋಗ್ಯವಾಗಿದೆ’ ಎಂಬ ಸಾಲನ್ನು ಬರೆದ ಹುಡುಗನೇ ಹೊಡೆದುಹಾಕಿ, ಅದರ ಕೆಳಗೆ ಎರಡು ಅಂಕಿಗಳನ್ನೂ ಎರಡು ಹೊತ್ತುಗಳನ್ನೂ ಬರೆದ. ಚರಂಡಿಗಳನ್ನು ಗುರುತಿಸಲು ಯಾರ ಮನೆಯಿಂದ ಶುರುಮಾಡುವುದೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಚ್ಚಲ ನೀರಿನ ಮಾತೆತ್ತಿದ್ದ ತಾಯಿಯ ಮಗಳು ಕಪ್ಪು ಪೆನ್ನು ತೆಗೆದುಕೊಂಡು ತನ್ನ ಮನೆಯ ಬಚ್ಚಲಿನಿಂದ ಕಟ್ಟೆಯವರೆಗೆ ಗೆರೆ ಎಳೆದಳು. ಮತ್ತೆ ನನ್ನ ಕಡೆ ತಿರುಗಿ, “ಸರ್, ನಿಮ್ಮ ಮನೆ ಎಲ್ಲಿ ಬರುತ್ತದೆ?” ಎಂದಳು.

ಕಲ್ಯಾಣ ಮಂಟಪದ ಪಕ್ಕದ ಓಣಿ, ಎಡಗಡೆ ಮೂರನೆಯದು. ಪೆನ್ನು ಇಸಿದುಕೊಂಡು ಆ ಗೆರೆಯನ್ನು ನಾನೇ ಎಳೆದೆ.